ಸೋಮವಾರ ಮಳೆ ಬಾರದ ಊರು

ಕೊಳಗದ ಮನೆ ಷಡಕ್ಷರಿಗೆ ಅನುಮಾನವೆಂಬುದು ಹುಟ್ಟುಗುಣವೋ, ಸರ್ಕಾರದ ಕೆಲಸದಿಂದ ಅಂಟಿಕೊಂಡದ್ದೋ ಹೇಳುವುದು ಕಷ್ಟ. ಹಾಲು ತಂದವಳ ತಂಬಿಗೆಯೊಳಗೆ ಇಣುಕಿ ನೋಡದೆ ಹಾಲು ಒಳಗಿಡುತ್ತಿರಲಿಲ್ಲ. ಅಂಚೆಯವನು ಕಾಗದ ಕೊಟ್ಟರೆ, ದಾರಿಯಲ್ಲಿ ಯಾರಾದರೂ ಅಂಟು ಬಿಡಿಸಿದ್ದಾರೆಯೇ ಎಂದು ಬಿಸಿಲಿಗೆ ಹಿಡಿಯುತ್ತಿದ್ದ. ಎದುರಿಗೆ ಸಿಕ್ಕವರು ‘ಚೆನ್ನಾಗಿದ್ದೀಯಾ?’ ಎಂದರೆ ‘ಯಾಕೆ, ಏನು ಕೇಳ್ಬಂತು?’ ಎನ್ನುವುದು ಅವನ ಉತ್ತರ. ಊರಿನವರಿಗೂ ಇದು ರೂಢಿಯಾಗಿ, ಅವನನ್ನು ಕಂಡರೆ ಬೇಕೆಂದೇ ಕುಶಲ ಕೇಳುತ್ತಿದ್ದರು.

ಊರು ಕಣಗಲಹಳ್ಳಿ, ಅಜ್ಜಂಪುರದ ಸ್ಟೇಷನ್ನಿನಿಂದ ಒಂದು ಹರದಾರಿ. ಊರ ಮೇಲುಗಡೆ ಹಳೇ ಕಾಲದ ದೊಡ್ಡ ಕೆರೆ, ಏರಿಯ ಕೆಳಗೆ ನಲವತ್ತು ಮನೆಗಳ ಒಂದು ಕೇರಿ. ಷಡಕ್ಷರಿಯ ಹೆಂಡತಿ ತೀರ್ಥಮ್ಮ ಆ ಕೆಳಗಿನ ಕೇರಿಯಲ್ಲೇ ಹುಟ್ಟಿದವಳು. ಅವಳ ತಮ್ಮ ರೇವಣಪ್ಪ ಹೆಂಡತಿ ಮಕ್ಕಳೊಂದಿಗೆ ಈಗಲೂ ಅಲ್ಲೇ ಇದ್ದ.

ಷಡಕ್ಷರಿಯ ಮನೆತನಕ್ಕೆ ಕೊಳಗದ ಮನೆ ಎಂದು ಹೆಸರು ಬಂದದ್ದು ಕಣದಲ್ಲಿ ರಾಶಿ ಅಳೆಯುವುದರಿಂದ. ಸುತ್ತಿನ ಏಳೆಂಟು ಹಳ್ಳಿಗಳಲ್ಲಿ ರಾಗಿಯ ರಾಶಿಯಾದರೆ ಕೊಡುವವನೂ ಕೊಳ್ಳುವವನೂ ಇಬ್ಬರೂ ಅವನ ಅಪ್ಪನನ್ನೇ ಕರೆಯುತ್ತಿದ್ದರು. ಮೊದಲನೇ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎಂದು ಕೂಗಿ, ಆಮೇಲೆ ಎರಡು, ಮೂರು ಎಂದು ಎಣಿಸುವ ಆ ದನಿ ಕೇಳಿದರೆ ಮತ್ತೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಆ ಮನೆಯಲ್ಲಿ ಒಂದೇ ಒಂದು ಕಟ್ಟುಪಾಡು. ಸೋಮವಾರ ಊರಿನವರು ಹೇಗೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲವೋ ಹಾಗೆ ಇವರು ಅಳತೆ ಮುಟ್ಟುವುದಿಲ್ಲ. ಅಂದು ಕೊಳಗಕ್ಕೆ ವಿಭೂತಿ ಬಳಿದು, ಒಳಗೆ ಬಿಲ್ವಪತ್ರೆ ಇಟ್ಟು ದೇವರ ಮುಂದೆ ಕೂರಿಸಿದರೆ ಮುಗಿಯಿತು. ಅಮಲ್ದಾರರೇ ಬಂದು ನಿಂತರೂ ಮಂಗಳವಾರ ಬೆಳಿಗ್ಗೆಯೇ ಅಳತೆ.

ಸಾವಿರದ ಒಂಬೈನೂರ ಐವತ್ತರಲ್ಲಿ ಸರ್ಕಾರ ಕಣಗಲಹಳ್ಳಿಗೊಂದು ಮಳೆಮಾಪನ ಕಳಿಸಿತು. ತಗಡಿನ ಡಬ್ಬಿ, ಮೇಲೆ ಎಣ್ಣೆ ಸುರಿಯುವ ಆಲಿಕೆಯಂಥದ್ದು, ಒಳಗೊಂದು ಸೀಸೆ. ದಿನವೂ ಬೆಳಿಗ್ಗೆ ಎಂಟಕ್ಕೆ ಸೀಸೆಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಇಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟು ಇಷ್ಟು ಎಂದು ಪುಸ್ತಕದಲ್ಲಿ ಬರೆದು, ತಿಂಗಳಿಗೊಮ್ಮೆ ತರೀಕೆರೆಯ ತಾಲ್ಲೂಕು ಕಚೇರಿಗೆ ಕಳಿಸಬೇಕು. ಶೇಕ್‌ದಾರರು ‘ಅಳೆಯೋ ಮನೆತನ ನಿಮ್ಮದು, ರಾಗಿ ಅಳೆದ ಕೈಲಿ ಮಳೇನೂ ಅಳೀರಿ’ ಎಂದು ಷಡಕ್ಷರಿಗೇ ಗಂಟುಹಾಕಿದರು. ಅವನು ಅದನ್ನು ಮನೆಯ ಹಿಂದಿನ ಕಣದಲ್ಲಿ ನೆಡಿಸಿ ಸುತ್ತ ತಂತಿ ಬೇಲಿ ಹಾಕಿಸಿದ.

ಗಾಜಿನ ಲೋಟವಾದರೇನು, ಅದೂ ಅಳತೆಯೇ ತಾನೆ? ಸೋಮವಾರ ಅದಕ್ಕೂ ವಿಭೂತಿ ಬಿತ್ತು. ಕೊಳಗದ ಪಕ್ಕದಲ್ಲಿ ಒಂದು ಬಿಲ್ವಪತ್ರೆ ಹೊತ್ತು ಅದೂ ಕೂತಿತು. ಪುಸ್ತಕದ ಸೋಮವಾರದ ಸಾಲಿಗೆ ಷಡಕ್ಷರಿ ಸೊನ್ನೆ ಬರೆದ. ಸೀಸೆಯಲ್ಲಿದ್ದದ್ದು ಸೀಸೆಯಲ್ಲೇ ಇರುತ್ತದೆ, ಮಂಗಳವಾರ ಅಳೆದರೆ ಎರಡೂ ದಿನದ್ದು ಸೇರಿ ಬರುತ್ತದೆ, ತಿಂಗಳ ಮೊತ್ತದಲ್ಲಿ ಒಂದು ಹನಿ ಹೆಚ್ಚಿಲ್ಲ ಒಂದು ಹನಿ ಕಡಿಮೆಯಿಲ್ಲ. ಇದರಲ್ಲಿ ತಪ್ಪೇನಾದರೂ ಇದೆ ಎಂದು ಊರನ್ನೆಲ್ಲ ಅನುಮಾನಿಸುವ ಆ ಮನುಷ್ಯನಿಗೆ ಒಂದು ದಿನವೂ ಅನುಮಾನ ಬರಲಿಲ್ಲ.

ಅವನ ಅನುಮಾನವೆಲ್ಲ ಬೇರೆ ಕಡೆ. ಯಾರಾದರೂ ಬೇಲಿಯೊಳಗೆ ನುಗ್ಗಿ ಸೀಸೆಗೆ ನೀರು ಹೊಯ್ದರೆ? ಇದ್ದ ನೀರು ಚೆಲ್ಲಿದರೆ? ಸಂಜೆ ಬೇಲಿಯ ಬಾಗಿಲಿಗೆ ಒಂದು ದಾರ ಸುತ್ತಿ ತನ್ನದೇ ಆದ ಮೂರು ಗಂಟು ಹಾಕುತ್ತಿದ್ದ. ವಾರದಲ್ಲಿ ಆರು ದಿನ ಗಂಟು ಹಾಕಿದ ಹಾಗೇ ಇರುತ್ತಿತ್ತು. ಮಂಗಳವಾರ ಬೆಳಿಗ್ಗೆ ಮಾತ್ರ ಗಂಟು ಮೂರೇ ಆದರೂ ಮೂರನೆಯದು ಎಡಕ್ಕೆ ತಿರುಗಿರುತ್ತಿತ್ತು. ಸೋಮವಾರ ಯಾರೋ ಒಳಗೆ ಹೋಗಿ ಬರುತ್ತಿದ್ದಾರೆ! ಅಂದು ಅವನಂತೂ ಬೇಲಿಯ ಹತ್ತಿರ ಸುಳಿಯುವಂತಿಲ್ಲ, ಬೆಳಿಗ್ಗೆ ಮಠಕ್ಕೆ ಹೋದರೆ ಬರುವುದು ಮಧ್ಯಾಹ್ನವೇ. ಕೆರೆಯ ಹೆಚ್ಚಿನ ನೀರು ಹೊರಹರಿಯುವ ಕೋಡಿಯ ಪಕ್ಕದ ತೆಂಗಿನ ತೋಟದ ದೇವೀರಪ್ಪನ ಮೇಲೆ ಒಂದಷ್ಟು ವರ್ಷ ಅನುಮಾನಪಟ್ಟ. ಆಮೇಲೆ ಭಾವಮೈದುನ ರೇವಣಪ್ಪನ ಮೇಲೆ. ರೇವಣಪ್ಪ ಸೋಮವಾರ ಮನೆಗೆ ಬಂದರೆ ಅವನ ಬೆರಳು ಒದ್ದೆಯೋ ಒಣಗಿದೆಯೋ ಎಂದು ನೋಡುತ್ತಿದ್ದ. ರೇವಣಪ್ಪ ‘ಏನ್ ಭಾವ, ಶಾಸ್ತ್ರ ನೋಡ್ತೀರಾ?’ ಎಂದು ಅಂಗೈ ಚಾಚುತ್ತಿದ್ದ.

ಮನೆಯೊಳಗೂ ಒಂದು ಕಣ್ಣಿಟ್ಟಿದ್ದ. ಅಡಿಗೆಮನೆಯ ನಾಗಂದಿಗೆಯ ಮೇಲೆ ತೀರ್ಥಮ್ಮ ಸಾಲಾಗಿ ಗಂಟು ಹಾಕಿದ ಹುರಿಗಳನ್ನು ಸುತ್ತಿಟ್ಟಿದ್ದಳು. ಕೆಲವು ಗಂಟಿನಲ್ಲಿ ಪೊರಕೆಕಡ್ಡಿಯ ತುಂಡು ಸಿಕ್ಕಿಸಿದ್ದಳು. ವರ್ಷಕ್ಕೊಂದರಂತೆ ಹುರಿ ಹೆಚ್ಚುತ್ತಿತ್ತು. ‘ಯಾವ ದೇವರಿಗೇ ಇದು ಹರಕೆ? ನಂಗೆ ಹೇಳ್ದೆ?’ ಎಂದು ಒಮ್ಮೆ ಗದರಿಸಿದ.

‘ನನ್ನ ತವರಿಗೆ ಹೊತ್ಕೊಂಡಿದ್ದು. ಮುಟ್ಬೇಡಿ’ ಎಂದಳು ಅವಳು.

ಹರಕೆ ಹುರಿ ಮುಟ್ಟಿದರೆ ಏನಾಗುತ್ತದೋ ಎಂದು ಅವನು ಮುಟ್ಟಲಿಲ್ಲ. ಆದರೆ ಗಂಡನ ಮನೆಗೆ ಒಂದೂ ಇಲ್ಲದೆ ತವರಿಗೆ ಮಾತ್ರ ಇಷ್ಟೊಂದು ಹರಕೆಯೇಕೆ ಎಂಬ ಮುಳ್ಳು ಒಳಗೇ ಉಳಿಯಿತು.

ಐವತ್ತಾರರ ವಿಜಯದಶಮಿ ಭಾನುವಾರ ಬಂತು. ಷಡಕ್ಷರಿ ಬೆಳಿಗ್ಗೆ ಎಂಟಕ್ಕೆ ಅಳತೆ ಬರೆದು, ಸೀಸೆ ಒಣಗಿಸಿ ಇಟ್ಟು, ತಂಗಿಯ ಮನೆಗೆ ಬನ್ನಿ ಕೊಡಲು ತರೀಕೆರೆಗೆ ಹೋದ. ಬೀರೂರಿನಲ್ಲಿ ರೈಲು ಬದಲಾಯಿಸಿ ಸೋಮವಾರ ಸಂಜೆ ಅಜ್ಜಂಪುರದಲ್ಲಿ ಇಳಿದಾಗ ಆಕಾಶಕ್ಕೆ ತೂತು ಬಿದ್ದಿತ್ತು. ಕುರುಡು ಚಿತ್ತೆ ಎರಚಿದತ್ತ ಬೆಳೆ ಎನ್ನುತ್ತಾರೆ, ಆ ಸಲದ ಚಿತ್ತೆ ಮಳೆ ಕಣಗಲಹಳ್ಳಿಯ ನೆತ್ತಿಯ ಮೇಲೇ ಎರಚಿತ್ತು. ಸೊಂಟದ ಮಟ್ಟದ ನೀರು ದಾಟಿ ಮನೆ ಸೇರಿದ. ಕೆರೆ ಅರ್ಧ ಖಾಲಿಯಿದ್ದದ್ದರಿಂದ ಕೆಳಗಿನ ಕೇರಿ ಉಳಿಯಿತು. ಆದರೂ ಬೆಳಗಾಗುವಷ್ಟರಲ್ಲಿ ನೀರು ಏರಿಯ ತಲೆಗೆ ಒಂದು ಗೇಣು ಕೆಳಗಿತ್ತು. ಮಂಗಳವಾರ ಸೀಸೆ ಉಕ್ಕಿ ಡಬ್ಬಿಯೂ ತುಂಬಿತ್ತು. ಅರ್ಧ ಇಂಚಿನ ಲೋಟದಲ್ಲಿ ಲಾಭ, ಎರಡು, ಮೂರು ಎಂದು ಹದಿನೇಳು ಲೋಟ ಎಣಿಸಿ, ಮೇಲೆ ಹದಿಮೂರು ಸೆಂಟು ಸೇರಿಸಿ, ಎಂಟು ಇಂಚು ಅರವತ್ತಮೂರು ಎಂದು ಬರೆದ. ಅಷ್ಟು ದೊಡ್ಡ ಅಂಕಿ ಅವನ ಪುಸ್ತಕಕ್ಕೆ ಮತ್ತೆ ಬರಲಿಲ್ಲ.

ಅರವತ್ತೊಂದರ ಬೇಸಿಗೆಯ ಕೊನೆಯಲ್ಲಿ ಒಂದು ಬೆಳಿಗ್ಗೆ ಜೀಪು ಬಂದು ಜಗಲಿಯ ಮುಂದೆ ನಿಂತಿತು. ಇಳಿದವರು ಷಣ್ಮುಖಪ್ಪನವರೆಂಬ ಇಂಜಿನಿಯರು. ಬೆಂಗಳೂರಿನವರು, ತೆಳ್ಳಗೆ, ಕನ್ನಡಕ, ಕಂಕುಳಲ್ಲಿ ಸುರುಳಿ ಸುತ್ತಿದ ಉದ್ದನೆಯ ಕಾಗದ. ಜೀಪಿನ ಸದ್ದು ಕೇಳಿ ತೋಟದ ದೇವೀರಪ್ಪನೂ ಹಲ್ಲುಕಡ್ಡಿ ಹಿಡಿದುಕೊಂಡೇ ಬಂದು ಕಂಬಕ್ಕೆ ಒರಗಿ ನಿಂತ. ಷಡಕ್ಷರಿಗೆ ಆಗಲೇ ವಾಸನೆ ಹೊಡೆಯಿತು. ಕರೆಸಿದವನು ಇವನೇ ಇರಬೇಕು.

ಇಂಜಿನಿಯರು ಹನ್ನೊಂದು ವರ್ಷದ ಪುಸ್ತಕಗಳನ್ನು ತರಿಸಿಕೊಂಡು ಗಳಿಗೆ ಹೊತ್ತು ಪುಟ ತಿರುವಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: ‘ಷಡಕ್ಷರಪ್ಪನವರೆ, ನಿಮ್ಮೂರಲ್ಲಿ ಸೋಮವಾರ ಮಳೆ ಬರೋದೇ ಇಲ್ವೇ?’

ಷಡಕ್ಷರಿ ತೆರೆದಿದ್ದ ಪುಸ್ತಕದತ್ತ ಬಗ್ಗಿ ನೋಡಿದ.

‘ಐನೂರ ಎಪ್ಪತ್ತು ಚಿಲ್ಲರೆ ಸೋಮವಾರ. ಎಲ್ಲಾ ಸೊನ್ನೆ. ಬೀರೂರಲ್ಲಿ ಸೋಮವಾರ ಮಳೆ ಬರುತ್ತೆ, ಕಡೂರಲ್ಲಿ ಬರುತ್ತೆ, ಹಿರೇನಲ್ಲೂರಲ್ಲಿ ಬರುತ್ತೆ. ಇಲ್ಲಿ ಮಾತ್ರ ಇಲ್ಲ. ಮಂಗಳವಾರ ಬೇರೆ ದಿನಕ್ಕಿಂತ ಎರಡರಷ್ಟು. ಇದು ಮೋಡದ ಕೆಲಸ ಅಲ್ಲ, ಮನುಷ್ಯನ ಕೆಲಸ.’

ಹನ್ನೊಂದು ವರ್ಷ ಊರಿನ ಕೈಬೆರಳು ನೋಡಿದವನ ಬೆರಳನ್ನು ಈಗ ಬೇರೊಬ್ಬರು ನೋಡುತ್ತಿದ್ದರು. ಅದು ಎಂಥ ಉರಿ ಎಂದು ಷಡಕ್ಷರಿಗೆ ಅಂದೇ ಗೊತ್ತಾದದ್ದು. ಕೊಳಗದ ಕಟ್ಟುಪಾಡನ್ನು ತೊದಲುತ್ತಾ ಹೇಳಿದ. ‘ಒಂದ್ ಹನಿಯೂ ಎಲ್ಲೂ ಹೋಗಿಲ್ಲ ಸ್ವಾಮಿ. ಸೋಮವಾರದ್ದು ಮಂಗಳವಾರ ಬಂದೈತೆ, ಅಷ್ಟೇ.’

‘ಒಟ್ಟು ಎಷ್ಟು ಅಂತ ಕೇಳಿದ್ರೆ ನೀವು ಹೇಳೋದು ಸರಿ. ನಾನು ಕೇಳ್ತಿರೋದು ಎಷ್ಟು ಹೊತ್ತಲ್ಲಿ ಎಷ್ಟು ಅಂತ’ ಎಂದು ಇಂಜಿನಿಯರು ಕಾಗದದ ಸುರುಳಿ ಬಿಡಿಸಿದರು. ಚೌಕುಳಿ ಕಾಗದದ ಮೇಲೆ ಹನ್ನೊಂದು ಚುಕ್ಕಿ, ನಡುವೆ ಒಂದು ಓರೆ ಗೆರೆ. ‘ಒಂದೊಂದು ವರ್ಷದಲ್ಲೂ ಒಂದು ದಿನಕ್ಕೆ ಬಿದ್ದ ಅತಿ ದೊಡ್ಡ ಮಳೆ ಇದು. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದೀನಿ. ಇಂಥ ಮಳೆ ಎರಡು ವರ್ಷಕ್ಕೊಮ್ಮೆ, ಇಂಥದ್ದು ಹತ್ತು ವರ್ಷಕ್ಕೊಮ್ಮೆ, ಇನ್ನೂ ದೊಡ್ಡದು ಐವತ್ತು ವರ್ಷಕ್ಕೊಮ್ಮೆ ಬರಬಹುದು ಅಂತ ಈ ಗೆರೆ ಹೇಳುತ್ತೆ.’

‘ಐವತ್ ವರ್ಷಕ್ಕೊಂದ್ಸಲ ಅಂತ ಬರ್ದು ಕೊಟ್ಟೋರ್ಯಾರು ಸ್ವಾಮಿ?’ ಇಷ್ಟಾದರೂ ಷಡಕ್ಷರಿಯ ಗುಣ ಸುಮ್ಮನಿರಲಿಲ್ಲ.

‘ಯಾರೂ ಬರೆದು ಕೊಡೋದಿಲ್ಲ. ನಾಳೆಯೂ ಬರಬಹುದು’ ಎಂದು ಅವರು ಎಲ್ಲಕ್ಕಿಂತ ಮೇಲೆ ಒಂಟಿಯಾಗಿದ್ದ ಚುಕ್ಕಿಯ ಮೇಲೆ ಬೆರಳಿಟ್ಟರು. ‘ಐವತ್ತಾರರ ಅಕ್ಟೋಬರ್ ಹದಿನಾರು. ಮಂಗಳವಾರ. ಎಂಟು ಇಂಚು ಅರವತ್ತಮೂರು. ಮದುವೆ ಮನೇಲಿ ಇನ್ನೂರು ಜನ ಎರಡು ಪಂಕ್ತಿಯಾಗಿ ಕೂತರೆ ಬಡಿಸಬಹುದು. ಇನ್ನೂರೂ ಒಂದೇ ಸಲ ನುಗ್ಗಿದರೆ? ಈ ನೀರು ಒಂದೇ ದಿನದ್ದಾದರೆ, ಕೆರೆ ತುಂಬಿರುವಾಗ ಇಂಥ ಮಳೆ ಮತ್ತೆ ಬಂದರೆ ಈಗಿರೋ ಮೂವತ್ತಡಿ ಕೋಡಿ ಸಾಲದು. ಏರಿ ಒಡೆಯುತ್ತೆ. ಅರವತ್ತಡಿಗೆ ಅಗಲ ಮಾಡಲೇಬೇಕು. ಎರಡು ದಿನದ್ದಾದರೆ ಇರೋ ಕೋಡಿಯೇ ಸಾಕು. ನಾನು ವರದಿ ಕೊಡಬೇಕು.’

ದೇವೀರಪ್ಪ ಹಲ್ಲುಕಡ್ಡಿ ಉಗಿದು ಮುಂದೆ ಬಂದ. ‘ಎರಡು ದಿನದ್ದೇ ಸ್ವಾಮಿ, ಅದರಲ್ಲಿ ಕೇಳೋದೇನೈತೆ! ಸೋಮವಾರ ಇವ್ನು ಅಳೆಯಲ್ಲ ಅಂತ ಊರಿಗೇ ಗೊತ್ತು. ಮಳೆ ಭಾನುವಾರ ರಾತ್ರೀನೇ ಹಿಡ್ಕೊಂಡಿತ್ತು. ಏನಪ್ಪಾ ಷಡಕ್ಷರಿ, ಹೌದು ಅನ್ನು ಮತ್ತೆ.’

ಕೋಡಿ ಅಗಲವಾದರೆ ದೇವೀರಪ್ಪನ ಎರಡು ಸಾಲು ತೆಂಗು ಹೋಗುತ್ತದೆ. ಅದು ಷಡಕ್ಷರಿಗೆ ತಕ್ಷಣ ಹೊಳೆಯಿತು. ಕೋಡಿ ಹಾಗೇ ಉಳಿದರೆ ಕೆಳಗಿನ ಕೇರಿಯ ನಲವತ್ತು ಮನೆ ಒಂದು ಚಿತ್ತೆ ಮಳೆಯ ಬಾಯಲ್ಲಿರುತ್ತವೆ. ಅದೂ ಹೊಳೆಯಿತು. ‘ಆ ಸೋಮವಾರ ಮಾತ್ರ ನೋಡಿದ್ದೆ ಸ್ವಾಮಿ, ಸೀಸೆ ಖಾಲಿಯಿತ್ತು’ ಎಂದು ಒಂದು ಮಾತು ಅಂದರೆ ಮುಗಿಯಿತು. ಮಾತು ನಾಲಿಗೆಯ ತುದಿಗೇ ಬಂದಿತ್ತು.

ಆದರೆ ಅವನು ನೋಡಿರಲಿಲ್ಲ. ಭಾನುವಾರ ರಾತ್ರಿ ತರೀಕೆರೆಯಲ್ಲಿ ತಂಗಿಯ ಮನೆಯ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಇಲ್ಲಿ ಮಳೆ ಬಂತೋ ಬಿಟ್ಟಿತೋ ಅವನಿಗೇನು ಗೊತ್ತು? ಕೆಳಗಿನ ಕೇರಿಯವರನ್ನು ಕೇಳಿದರೆ ಸೋಮವಾರ ಮಧ್ಯಾಹ್ನ ಹಿಡಿಯಿತು ಅನ್ನುತ್ತಾರೆ, ದೇವೀರಪ್ಪನ ಆಳುಗಳು ಭಾನುವಾರ ರಾತ್ರಿ ಅನ್ನುತ್ತಾರೆ. ಅವರವರ ಮನೆಯ ಮಾಡಿಗೆ ತಕ್ಕ ಮಳೆ. ಅಪ್ಪ ಎಂದೂ ಅಳೆಯದ ರಾಶಿಗೆ ಲೆಕ್ಕ ಹೇಳಿದವನಲ್ಲ.

‘ನಾನು ಅಳೆದಿಲ್ಲ ಸ್ವಾಮಿ’ ಎಂದ. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು. ‘ಅಳೀದೆ ಇರೋದನ್ನ ಹೇಳಕ್ಕೆ ಬರಲ್ಲ.’

ಇಂಜಿನಿಯರು ಆ ಚುಕ್ಕಿಯನ್ನು ಹೊಡೆದುಹಾಕಲು ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದರು. ದೇವೀರಪ್ಪ ಮತ್ತೆ ಕಂಬಕ್ಕೆ ಒರಗಿದ.

‘ಆ ಸೋಮವಾರ ಬೆಳಿಗ್ಗೆ ಸೀಸೆ ಒಣಗಿತ್ತು.’

ಬಾಗಿಲ ಹಿಂದಿನಿಂದ ಬಂದ ದನಿ ತೀರ್ಥಮ್ಮನದು. ಸೆರಗು ಹೊದ್ದು ಹೊಸಿಲಿಗೆ ಬಂದು ನಿಂತಳು. ಕೈಯಲ್ಲಿ ನಾಗಂದಿಗೆಯ ಹುರಿಗಳಿದ್ದವು.

‘ನಿಂಗೇನೇ ಗೊತ್ತು?’ ಎಂದು ಷಡಕ್ಷರಿ ಗದರಿದ. ಅವಳು ಅವನತ್ತ ನೋಡದೆ ಇಂಜಿನಿಯರಿಗೇ ಹೇಳಿದಳು.

‘ನನ್ನ ತವರು ಏರಿ ಕೆಳಗೈತೆ ಸ್ವಾಮಿ. ಸೀಸೇಲಿ ಇಷ್ಟು ನೀರು ಬಿದ್ರೆ ಕೆರೆಗೆ ಎಷ್ಟು ಬರ್ತದೆ ಅಂತ ನೋಡ್ಕೊಂಡು, ತಮ್ಮನಿಗೆ ದನ ಮೇಲಕ್ಕೆ ಹೊಡ್ಕೋ ಅಂತ ಹೇಳಿ ಕಳಿಸ್ತಿದ್ದೆ. ಆರು ದಿನ ಇವ್ರು ಗಟ್ಟಿಯಾಗಿ ಎಣಿಸೋದು ಅಡಿಗೆಮನೆಗೆ ಕೇಳ್ತದೆ. ಸೋಮವಾರ ಎಣಿಸಲ್ಲ. ಅದಕ್ಕೇ ಇವ್ರು ಮಠಕ್ಕೆ ಹೋದ್ಮೇಲೆ ನಾನೇ ಹೋಗಿ ಪೊರಕೆಕಡ್ಡಿ ಸೀಸೆಗೆ ಇಳಿಸಿ, ಒದ್ದೆ ಎಲ್ಲಿಗೈತೋ ಅಲ್ಲಿಗೆ ಮುರೀತಿದ್ದೆ. ಅಳತೆ ಮುಟ್ಟಿಲ್ಲ, ನೀರೂ ಚೆಲ್ಲಿಲ್ಲ. ಸೋಮವಾರಕ್ಕೊಂದು ಗಂಟು. ಮಳೆ ಬಂದಿದ್ರೆ ಗಂಟಿಗೆ ಕಡ್ಡಿ, ಇಲ್ದಿದ್ರೆ ಬರೀ ಗಂಟು. ಯುಗಾದಿಯಿಂದ ಯುಗಾದಿಗೆ ಒಂದು ಹುರಿ.’

ಐವತ್ತಾರರ ಹುರಿಯನ್ನು ಬಿಡಿಸಿ ಜಗಲಿಯ ಮೇಲೆ ಚಾಚಿದಳು. ಒಂದು ಗಂಟಿನಲ್ಲಿ ಕಡ್ಡಿಯಿರಲಿಲ್ಲ, ಪುಡಿಯಾಗುತ್ತಿದ್ದ ಬನ್ನಿಯ ಒಣ ಎಸಳೊಂದು ಸಿಕ್ಕಿಕೊಂಡಿತ್ತು. ‘ಹಿಂದಿನ ದಿನ ಬನ್ನಿ ಹಬ್ಬ. ತಲೇಲಿ ಮುಡ್ಕೊಂಡಿದ್ದನ್ನೇ ಇಟ್ಟು ಕಟ್ಟಿದ್ದೆ. ಕಡ್ಡಿ ಒಣಗಿದ್ದು ಒಣಗಿದ ಹಾಗೇ ಬಂತು.’

‘ಹೆಂಗಸು ಕಟ್ಟಿದ ಗಂಟಿಗೆ ಸರ್ಕಾರ ಕೋಡಿ ಒಡೀತದಾ ಸ್ವಾಮಿ? ನಿನ್ನೆ ಕೂತು ಕಟ್ಟಿದ್ರೂ ಕಟ್ಟಿರಬೌದು’ ಎಂದ ದೇವೀರಪ್ಪ.

ಷಣ್ಮುಖಪ್ಪನವರೂ ಏನು ಕಡಿಮೆ ಅನುಮಾನದವರಲ್ಲ. ತಮ್ಮ ಚೀಲದಿಂದ ಬೀರೂರಿನ ಲೆಕ್ಕ ತೆಗೆದು, ಕಂಡಕಂಡಲ್ಲಿ ಹನ್ನೆರಡು ಸೋಮವಾರ ಆರಿಸಿದರು. ಹತ್ತರಲ್ಲಿ ಗಂಟಿಗೂ ಬೀರೂರಿಗೂ ತಾಳೆ ಬಿತ್ತು, ಎರಡರಲ್ಲಿ ಬೀಳಲಿಲ್ಲ. ದೇವೀರಪ್ಪ ನಕ್ಕ. ‘ಹನ್ನೆರಡೂ ಸರಿ ಬಂದಿದ್ರೆ ನಾನು ಈಗಲೇ ಎದ್ದು ಹೋಗ್ತಿದ್ದೆ’ ಎಂದರು ಇಂಜಿನಿಯರು. ‘ಬೀರೂರಿನ ಮೋಡ, ಕಣಗಲಹಳ್ಳಿ ಮೋಡ ಎರಡೂ ಒಂದೇ ಅಲ್ಲ. ಕಳ್ಳಲೆಕ್ಕ ಮಾತ್ರ ಪೂರ್ತಿ ತಾಳೆ ಬೀಳುತ್ತೆ.’

ಆಮೇಲೆ ಸೀಸೆ ತರಿಸಿ, ಲೋಟದಲ್ಲಿ ಅಳೆದು ನೀರು ಹೊಯ್ದು, ಕಡ್ಡಿ ಇಳಿಸಿ, ಎಷ್ಟು ಒದ್ದೆಗೆ ಎಷ್ಟು ಸೆಂಟು ಎಂದು ಗುರುತು ಹಾಕಿಕೊಂಡರು. ಒಂದೊಂದೇ ಗಂಟಿನ ಕಡ್ಡಿಯನ್ನು ಷಡಕ್ಷರಿಯ ಪುಸ್ತಕದ ಮಂಗಳವಾರದ ಅಂಕಿಯ ಪಕ್ಕಕ್ಕೆ ಹಿಡಿದರು. ಸೋಮವಾರದ ನೀರು ಮಂಗಳವಾರದ ಮೊತ್ತದೊಳಗೇ ಇರಬೇಕಲ್ಲವೇ? ಅದನ್ನು ಮೀರಿದ ಕಡ್ಡಿ ಒಂದೇ ಒಂದು ಸಿಕ್ಕಿದರೂ ಎಲ್ಲವೂ ಸುಳ್ಳು. ಹೊತ್ತು ನೆತ್ತಿಗೆ ಬಂತು. ಇನ್ನೂರಕ್ಕೂ ಹೆಚ್ಚು ಕಡ್ಡಿ ಮುಗಿದವು. ಒಂದೂ ಮೀರಿರಲಿಲ್ಲ.

‘ತಾಯಿ, ನಿಮಗೆ ಓದು ಬರುತ್ತಾ?’ ಎಂದು ಕೇಳಿದರು.

‘ಇಲ್ಲ ಸ್ವಾಮಿ.’

‘ಈ ಪುಸ್ತಕ ಓದದೆ ಈ ಗಂಟುಗಳನ್ನ ಸುಳ್ಳಾಗಿ ಕಟ್ಟೋದಕ್ಕೆ ಸಾಧ್ಯವಿಲ್ಲ’ ಎಂದು ಷಣ್ಮುಖಪ್ಪನವರು ಕೆಂಪು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ಬೇರೆ ಪೆನ್ಸಿಲಿನಿಂದ ಆ ಒಂಟಿ ಚುಕ್ಕಿಯ ಸುತ್ತ ಒಂದು ದುಂಡನೆಯ ಗೆರೆ ಎಳೆದು ‘ಒಂದು ದಿನ’ ಎಂದು ಬರೆದರು. ದೇವೀರಪ್ಪ ಯಾರಿಗೂ ಹೇಳದೆ ಹೊರಟುಹೋದ.

ಜೀಪು ಹತ್ತುವ ಮುಂಚೆ ಅವರು ಷಡಕ್ಷರಿಗೆ ಒಂದು ಮಾತು ಹೇಳಿದರು: ‘ನೀವು ಇವತ್ತು ಗೊತ್ತಿಲ್ಲ ಅಂದ್ರಲ್ಲ, ಅದಕ್ಕೇ ನಾನು ಹುರಿ ಬಿಚ್ಚೋದಕ್ಕೆ ಒಪ್ಪಿದ್ದು. ಆದರೆ ಸೋಮವಾರವೂ ಲೆಕ್ಕ ಬರಬೇಕು. ಯಾರು ಅಳೀತೀರೋ ನೀವೇ ನೋಡಿಕೊಳ್ಳಿ.’

ಜೀಪಿನ ಧೂಳು ಇಳಿದ ಮೇಲೂ ಷಡಕ್ಷರಿ ಜಗಲಿ ಬಿಟ್ಟು ಏಳಲಿಲ್ಲ. ಎಡಕ್ಕೆ ತಿರುಗುತ್ತಿದ್ದ ಮೂರನೇ ಗಂಟು ಈಗ ತಾನಾಗಿ ಬಿಚ್ಚಿಕೊಂಡಿತ್ತು. ತೀರ್ಥಮ್ಮ ಎಡಗೈಯವಳು. ಅದನ್ನು ಅವನು ಮದುವೆಯಾದಂದಿನಿಂದ ಬಲ್ಲ. ಊರಿನವರ ಬೆರಳನ್ನೆಲ್ಲ ನೋಡಿದ, ಅನ್ನ ಬಡಿಸಿದ ಕೈ ನೋಡಲಿಲ್ಲ.

‘ಹನ್ನೊಂದು ವರ್ಷ ಯಾಕೇ ಹೇಳ್ಲಿಲ್ಲ ನಂಗೆ?’ ಎಂದು ಕೇಳಿದ.

ಅವಳು ಹುರಿ ಸುತ್ತುತ್ತಾ ಸಹಜವಾಗಿಯೇ ಕೇಳಿದಳು: ‘ಹೇಳಿದ್ರೆ ನಂಬ್ತಿದ್ರಾ?’

ಅವನು ಊಟಕ್ಕೆ ಕರೆದಾಗ ಎದ್ದು ಹೋದ.

ಮರುವರ್ಷ ಕೋಡಿ ಅರವತ್ತಡಿಯಾಯಿತು. ಎರಡು ಸಾಲು ತೆಂಗು ಉರುಳಿತು, ದೇವೀರಪ್ಪ ಷಡಕ್ಷರಿಯ ಜೊತೆ ಮಾತು ಬಿಟ್ಟ. ಅರವತ್ತನಾಲ್ಕರಲ್ಲಿ ತುಂಬಿದ ಕೆರೆಯ ಮೇಲೆ ಏಳು ಇಂಚಿನ ಮಳೆ ಸುರಿದಾಗ ಕೋಡಿಯ ಅಗಲಕ್ಕೂ ನೀರು ಹರಿಯಿತು, ಏರಿ ಅಲುಗಲಿಲ್ಲ, ರೇವಣಪ್ಪನ ಹಟ್ಟಿಯೊಳಗೆ ದನಗಳು ಮೆಲುಕು ಹಾಕುತ್ತಾ ನಿಂತಿದ್ದವು. ಷಡಕ್ಷರಿಯ ಅನುಮಾನ ಸಾಯುವವರೆಗೂ ಹೋಗಲಿಲ್ಲ. ಇಂಚು ಹೋಗಿ ಮಿಲಿಮೀಟರಿನ ಲೋಟ ಬಂದಾಗ ಒಂದು ವರ್ಷ ಯಾರಿಗೂ ತಿಳಿಯದಂತೆ ಎರಡರಲ್ಲೂ ಅಳೆದು ತಾಳೆ ನೋಡಿದ. ಹಾಲಿನವಳ ತಂಬಿಗೆಗೆ ಇಣುಕುವುದೂ ನಿಲ್ಲಲಿಲ್ಲ.

ಆದರೆ ಇಂಜಿನಿಯರು ಬಂದುಹೋದ ಮೇಲಿನ ಮೊದಲನೇ ಸೋಮವಾರ ನಡೆದದ್ದನ್ನು ಹೇಳಬೇಕು. ಹಿಂದಿನ ಸಂಜೆ ಅವನು ಬೇಲಿಗೆ ದಾರ ಕಟ್ಟಲಿಲ್ಲ. ಬೆಳಿಗ್ಗೆ ಕೊಳಗಕ್ಕೆ ವಿಭೂತಿ ಬಳಿದ, ಬಿಲ್ವಪತ್ರೆ ಇಟ್ಟ. ಗಾಜಿನ ಲೋಟಕ್ಕೆ ಬಳಿಯದೆ ಅಡಿಗೆಮನೆಯ ಹೊಸಿಲ ಮೇಲೆ ತಂದಿಟ್ಟ. ‘ನೀನು ಈ ಮನೆಗೆ ಬಂದೋಳು. ಕಟ್ಟುಪಾಡು ಇಲ್ಲಿ ಹುಟ್ಟಿದೋರಿಗೆ’ ಎಂದಷ್ಟೇ ಹೇಳಿ, ಜಗಲಿಗೆ ಹೋಗಿ ಕಣದ ಕಡೆಗೆ ಬೆನ್ನು ಹಾಕಿ ಪುಸ್ತಕ ಬಿಚ್ಚಿಕೊಂಡು ಕೂತ. ಹಿಂದಿನ ರಾತ್ರಿ ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಹಿತ್ತಿಲಿನಿಂದ ‘ಲಾಭ’ ಎಂದ ಹೆಣ್ಣುದನಿ ಕೇಳಿತು, ಆಮೇಲೆ ‘ಎರಡು’. ತೀರ್ಥಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

‘ಎರಡು ಲೋಟ. ಮೇಲೆ ಏಳು ಗೆರೆ’ ಎಂದಳು.

ತಾನು ಕಣ್ಣಾರೆ ಕಾಣದ ನೀರನ್ನು ಎಂದೂ ಬರೆಯದ ಷಡಕ್ಷರಿ ಲೇಖನಿ ಅದ್ದಿ, ಸೋಮವಾರದ ಸಾಲಿನಲ್ಲಿ ಒಂದು ಇಂಚು ಏಳು ಸೆಂಟು ಎಂದು ಬರೆದ. ಬರೆದು, ಎದ್ದು ಹೋಗಿ ನೋಡದೆ, ಪುಸ್ತಕ ಮುಚ್ಚಿದ.